ಹೆದೆ ಎಳೆಯುವ ಗಳಿಗೆ

ಮರದ ಮೇಲೆ ಅಟ್ಟಣೆ ಕಟ್ಟಿ ಕೂತ ಬಿಲ್ಲುಗಾರನಿಗೆ ಜಿಂಕೆ ಕಣ್ಣಿಗೆ ಬೀಳುವುದು ದೊಡ್ಡ ಮಾತಲ್ಲ. ಅದು 20 ಗಜದ ಒಳಗೆ ಬಂದು ನಿಲ್ಲುವುದೂ ತೀರಾ ಅಪರೂಪವೇನಲ್ಲ. ನಿಜವಾದ ಫಜೀತಿ ಶುರುವಾಗುವುದು ಆಮೇಲೆ. ಬಿಲ್ಲನ್ನು ಎತ್ತಬೇಕು, ಹೆದೆಯನ್ನು ಗಲ್ಲದವರೆಗೂ ಎಳೆಯಬೇಕು. ಎಳೆಯುವ ಆ ಎರಡು ಮೂರು ಸೆಕೆಂಡುಗಳಲ್ಲಿ ಮೊಣಕೈ ಅಲ್ಲಾಡುತ್ತದೆ, ಕೋಟಿನ ತೋಳು ಸರ್ರೆನ್ನುತ್ತದೆ. ಜಿಂಕೆ ಕತ್ತೆತ್ತಿ ನೋಡುತ್ತದೆ. ಮರುಕ್ಷಣ ಅದರ ಬಿಳಿಯ ಬಾಲ ಬಾವುಟದಂತೆ ಮೇಲೆದ್ದು ಪೊದೆಯಲ್ಲಿ ಮಾಯ! ಬಿಲ್ಲುಬೇಟೆಯ ಕಷ್ಟವೆಲ್ಲ ಇರುವುದು ಈ ಗಳಿಗೆಯಲ್ಲಿ. ಕ್ರಾಸ್‌ಬೋ ಎಂಬ ಅಡ್ಡಬಿಲ್ಲಿಗೆ ಬಿಲ್ಲುಬೇಟೆಯ ಸೀಸನ್ನಿನಲ್ಲಿ ಜಾಗ ಕೊಡಬೇಕೇ ಬೇಡವೇ ಎಂದು ಅಮೆರಿಕದ ಬೇಟೆಗಾರರು ದಶಕಗಳಿಂದ ಆಡುತ್ತಿರುವ ಜಗಳವೂ, ಒಳಹೊಕ್ಕು ನೋಡಿದರೆ, ಈ ಗಳಿಗೆಯದೇ.

ಆತ ವಿಸ್ಕಾನ್ಸಿನ್ ರಾಜ್ಯದ ಸಾಕ್ ಕೌಂಟಿಯ ಹೈನುಗಾರ. ವಯಸ್ಸು ಅರವತ್ತು ದಾಟಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಅಪ್ಪನ ಹಳೆಯ ಬಿಲ್ಲು ಹಿಡಿದು ಕಾಡಿಗೆ ಹೋದವನು ಅಂದಿನಿಂದ ಒಂದು ವರ್ಷವೂ ಅದನ್ನು ತಪ್ಪಿಸಿದವನಲ್ಲ. ಸೆಪ್ಟೆಂಬರ್ ಬಂತೆಂದರೆ ಸಂಜೆ ಹಾಲು ಕರೆಯುವ ಕೆಲಸ ಮುಗಿಸಿ, ಕೊಟ್ಟಿಗೆಯ ಹಿಂದೆ ಹುಲ್ಲಿನ ಪಿಂಡಿಗೆ ಬಾಣ ಬಿಡುತ್ತ ನಿಲ್ಲುವುದು ಆತನ ವ್ರತ. ಮನೆಯವರೂ ಆ ಹೊತ್ತಿನಲ್ಲಿ ಆತನನ್ನು ಮಾತನಾಡಿಸುವುದಿಲ್ಲ.

ಬಿಲ್ಲು ಹಿಡಿದವರಿಗೆ ಆ ರಾಜ್ಯ ಕೊಟ್ಟಿರುವ ಸವಲತ್ತು ಚಿಕ್ಕದಲ್ಲ. ಕೋವಿ ಹಿಡಿದು ಜಿಂಕೆ ಬೇಟೆಯಾಡುವ ಮುಖ್ಯ ಸೀಸನ್ನು ನವೆಂಬರಿನಲ್ಲಿ ಬರೇ 9 ದಿನ. ಬಿಲ್ಲಿನ ಸೀಸನ್ನೋ ಸೆಪ್ಟೆಂಬರ್ ಮಧ್ಯದಿಂದ ಜನವರಿಯ ಮೊದಲ ದಿನಗಳವರೆಗೆ, ನೂರು ದಿನಕ್ಕೂ ಹೆಚ್ಚು. ಯಾಕೆ ಇಷ್ಟು ಔದಾರ್ಯ? ಕಾರಣ ಸರಳ. ಬಿಲ್ಲಿನಿಂದ ಜಿಂಕೆ ಬೀಳಿಸುವುದು ಕಷ್ಟ. ಹತ್ತು ಸಂಜೆ ಕೂತರೆ ಒಂಬತ್ತು ಸಂಜೆ ಬರಿಗೈಯಲ್ಲಿ ಮನೆಗೆ ಬರಬೇಕು. ಕಷ್ಟಪಡುವವನಿಗೆ ದಿನಗಳನ್ನು ಧಾರಾಳವಾಗಿ ಕೊಟ್ಟರೂ ಕಾಡಿಗೆ ನಷ್ಟವಿಲ್ಲ. ಈ ಲೆಕ್ಕಾಚಾರದ ಮೇಲೆಯೇ 1934ರಲ್ಲಿ ವಿಸ್ಕಾನ್ಸಿನ್ ತನ್ನ ಎರಡು ಕೌಂಟಿಗಳಲ್ಲಿ ಬಿಲ್ಲಿಗೆಂದೇ ಪ್ರತ್ಯೇಕ ಸೀಸನ್ನು ತೆರೆಯಿತು. ಆ ಎರಡರಲ್ಲಿ ಸಾಕ್ ಕೌಂಟಿಯೂ ಒಂದು.

ಅದೇ ಕೌಂಟಿಯಲ್ಲಿ ಮರಳುಮಿಶ್ರಿತ ಬಡ ಜಮೀನೊಂದನ್ನು 1935ರಲ್ಲಿ ಕೊಂಡುಕೊಂಡವರು ಆಲ್ಡೊ ಲಿಯೊಪೋಲ್ಡ್. ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆ ಕಲಿಸುತ್ತಿದ್ದ ಈ ಪ್ರಾಧ್ಯಾಪಕರು ತಮ್ಮ ಬಿಲ್ಲನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು. ಬೇಟೆಗಾರನ ಮೈತುಂಬ ಉಪಕರಣ ನೇತುಹಾಕುವ ವ್ಯಾಪಾರದ ಬಗ್ಗೆ ಅವರಿಗೆ ಸಿಟ್ಟಿತ್ತು. ಅವರಿಗೂ ಮೊದಲೇ ಅಮೆರಿಕದಲ್ಲಿ ಬಿಲ್ಲಿನ ಹುಚ್ಚು ಹತ್ತಿಸಿದವನು ಇಶಿ. ಯಾಹಿ ಎಂಬ ಬುಡಕಟ್ಟಿನಲ್ಲಿ ಉಳಿದಿದ್ದ ಕೊನೆಯ ಮನುಷ್ಯ ಆತ. 1911ರಲ್ಲಿ ಕ್ಯಾಲಿಫೋರ್ನಿಯದ ಊರೊಂದರ ಬಳಿ ಹಸಿದು ಒಂಟಿಯಾಗಿ ಸಿಕ್ಕಿದ. 1916ರಲ್ಲಿ ಕ್ಷಯದಿಂದ ತೀರಿಕೊಂಡ. ನಡುವಿನ ಆ ಐದು ವರ್ಷಗಳಲ್ಲಿ ಸ್ಯಾಕ್ಸ್‌ಟನ್ ಪೋಪ್ ಎಂಬ ವೈದ್ಯರು ಅವನಿಂದ ಬಿಲ್ಲು ಮಾಡುವುದನ್ನೂ ಬಿಡುವುದನ್ನೂ ಕಲಿತರು. ದೂರದ ಗುರಿ ಹೊಡೆಯುವುದರಲ್ಲಿ ಇಶಿ ಅಂಥ ನಿಪುಣನಲ್ಲವಂತೆ. ಅವನ ಜಾಣ್ಮೆಯಿದ್ದದ್ದು ಪ್ರಾಣಿಯ ಹತ್ತಿರಕ್ಕೆ ಹೋಗುವುದರಲ್ಲಿ. ಪೋಪ್ 1923ರಲ್ಲಿ ಇದನ್ನೆಲ್ಲ ಸೇರಿಸಿ ಪುಸ್ತಕ ಬರೆದರು. ಬಿಲ್ಲುಬೇಟೆಯ ದಾಖಲೆಗಳನ್ನಿಡುವ, 1961ರಲ್ಲಿ ಹುಟ್ಟಿದ ಕ್ಲಬ್ಬೊಂದಕ್ಕೆ ಈ ಪೋಪರ ಮತ್ತು ಅವರ ಗೆಳೆಯ ಯಂಗ್ ಅವರ ಹೆಸರೇ ಇದೆ. ಆ ಕ್ಲಬ್ಬು ಕ್ರಾಸ್‌ಬೋದಿಂದ ಹೊಡೆದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ.

ಕ್ರಾಸ್‌ಬೋದಲ್ಲಿ ಬಿಲ್ಲನ್ನು ಮರದ ದಿಂಡಿನ ಮೇಲೆ ಅಡ್ಡಲಾಗಿ ಕೂಡಿಸಿ, ಕೋವಿಯ ಹಾಗೆ ಹೆಗಲಿಗೆ ಆನಿಸಿಕೊಳ್ಳುವಂತೆ ಮಾಡಿರುತ್ತಾರೆ. ಅದರ ಎಳೆತ 150ರಿಂದ 200 ಪೌಂಡು. ಆದರೆ ಆ ಭಾರವನ್ನು ಮನುಷ್ಯ ಹೊರುವುದಿಲ್ಲ, ಕೊಂಡಿ ಹೊರುತ್ತದೆ. ನೆಲದ ಮೇಲೆ ನಿಂತಾಗಲೇ ಹಗ್ಗದಿಂದಲೋ ತಿರುಗಿಸುವ ಹಿಡಿಯಿಂದಲೋ ಹೆದೆಯನ್ನು ಹಿಂದಕ್ಕೆಳೆದು ಸಿಕ್ಕಿಸಿದರಾಯಿತು. ಮೇಲೆ ದುರ್ಬೀನು, ಕೆಳಗೆ ಟ್ರಿಗರು. ಜಿಂಕೆ ಬಂದಾಗ ಅಲ್ಲಾಡಬೇಕಾದದ್ದು ಒಂದು ಬೆರಳು ಮಾತ್ರ.

ಹಾಗಂತ ಅದು ಕೋವಿಯಲ್ಲ. ಹೆದೆ ಸರಿಯುವ ಅಂತರ ಮೋಟಾದ್ದರಿಂದ ಅಷ್ಟು ಪೌಂಡಿನ ಬಲವೂ ಪೂರ್ತಿ ವೇಗವಾಗಿ ಬರುವುದಿಲ್ಲ. 20 ಅಂಗುಲದ ಅದರ ಬಾಣ ಬೇಟೆಗೆ ನಂಬಿಕಸ್ಥವಾಗಿ ಒದಗುವುದು ಸುಮಾರು 40 ಗಜದವರೆಗೆ. ಒಂದು ಬಾಣ ತಪ್ಪಿದರೆ ಇನ್ನೊಂದನ್ನು ಹೂಡುವಷ್ಟರಲ್ಲಿ ಜಿಂಕೆ ಪಕ್ಕದ ಹೊಲ ದಾಟಿರುತ್ತದೆ. ವಿರೋಧಿಸುವವರು ಹೇಳುವಷ್ಟು ಭಯಂಕರವೂ ಅಲ್ಲ, ಮಾರುವವರು ಹೇಳುವಷ್ಟು ನಿರಪಾಯವೂ ಅಲ್ಲ. ಅದು ಕಸಿದುಕೊಳ್ಳುವುದು ಒಂದನ್ನೇ, ಹೆದೆ ಎಳೆಯುವ ಗಳಿಗೆಯನ್ನು.

ವಿಸ್ಕಾನ್ಸಿನ್ನಿನಲ್ಲಿ ಪ್ರತಿ ವಸಂತದಲ್ಲೂ ಎಲ್ಲ 72 ಕೌಂಟಿಗಳಲ್ಲಿ ಬೇಟೆ, ಮೀನುಗಾರಿಕೆಯ ನಿಯಮಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಅಲ್ಲಿ ಬೀಳುವ ಮತ ಸಲಹೆ ಮಾತ್ರ. ಅಂಥದೊಂದು ಸಭೆಯಲ್ಲಿ, ಶಾಲೆಯೊಂದರ ವ್ಯಾಯಾಮದ ಹಾಲಿನಲ್ಲಿ, ಆತ ಎದ್ದು ನಿಂತು ಮಾತನಾಡಿದ್ದ. ಆಗ ಅಲ್ಲಿ ಕ್ರಾಸ್‌ಬೋ ಸಿಗುತ್ತಿದ್ದದ್ದು ಅಂಗವಿಕಲರಿಗೆ ಮತ್ತು 65 ದಾಟಿದವರಿಗೆ. ಎಲ್ಲರಿಗೂ ಕೊಡಬೇಕೆಂಬ ಕೂಗು ಎದ್ದಿತ್ತು. ಆತನ ಮಾತು ಚಿಕ್ಕದು. "ನಮಗೆ ನೂರು ದಿನ ಕೊಟ್ಟಿರುವುದು ನಾವು ಒಳ್ಳೆಯವರೆಂದಲ್ಲ, ನಮ್ಮ ಕೆಲಸ ಕಷ್ಟದ್ದೆಂದು. ಕಷ್ಟವನ್ನು ತೆಗೆದುಹಾಕಿ ದಿನಗಳನ್ನು ಮಾತ್ರ ಇಟ್ಟುಕೊಳ್ಳುವುದು ನ್ಯಾಯವಲ್ಲ." ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ಹೆಂಗಸೊಬ್ಬಳು ಎದ್ದು ಕೇಳಿದಳು: "ನಿಮ್ಮ ಕೈಯಲ್ಲಿರುವುದು ಯಾವ ಬಿಲ್ಲು ಸ್ವಾಮಿ?"

ಆತನ ಬಳಿ ಉತ್ತರವಿರಲಿಲ್ಲ. ಯಾಕೆಂದರೆ ಅಪ್ಪನ ಬಿಲ್ಲನ್ನು ಗೋಡೆಗೆ ತೂಗುಹಾಕಿ ಆತ ಕಾಂಪೌಂಡ್ ಬಿಲ್ಲು ಕೊಂಡು ಎಷ್ಟೋ ವರ್ಷವಾಗಿತ್ತು. ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದ ಬಿಲ್ಲು ಅದು. ತುದಿಗಳಲ್ಲಿ ರಾಟೆ. 60 ಪೌಂಡಿನ ಬಿಲ್ಲಾದರೂ ಪೂರ್ತಿ ಎಳೆದ ಮೇಲೆ ಕೈಗೆ ಉಳಿಯುವ ಭಾರ 12ರಿಂದ 20 ಪೌಂಡು. ಅದು ಬಂದ ಹೊಸತರಲ್ಲಿ, "ಇದು ಬಿಲ್ಲೇ ಅಲ್ಲ, ಯಂತ್ರ" ಎಂದು ಹಳಬರು ಕೂಗಾಡಿದ್ದರು. ಆತನ ಅಪ್ಪನೂ ಕೂಗಾಡಿದವರಲ್ಲೊಬ್ಬ. ಈಗ ಅದೇ ಮಾತನ್ನು ಅದೇ ದನಿಯಲ್ಲಿ ಮಗ ಆಡುತ್ತಿದ್ದ, ರಾಟೆಯ ಬಿಲ್ಲನ್ನು ಹೊರಗೆ ಪಿಕಪ್ ಲಾರಿಯಲ್ಲಿಟ್ಟು!

ಹೆಂಗಸು ಇನ್ನೂ ಕೆಲವು ಮಾತು ಹೇಳಿದಳು. ಅವೂ ಸುಳ್ಳಲ್ಲ. ಸರ್ಕಾರದ ಸಮೀಕ್ಷೆಯ ಪ್ರಕಾರ 1991ರಲ್ಲಿ ಅಮೆರಿಕದಲ್ಲಿ 1.41 ಕೋಟಿಯಷ್ಟಿದ್ದ ಬೇಟೆಗಾರರು 2016ರ ಹೊತ್ತಿಗೆ 1.15 ಕೋಟಿಗೆ ಇಳಿದರು. ಇಳಿದರೇನಂತೆ ಎನ್ನುವಂತಿಲ್ಲ. ಅಲ್ಲಿ ಕಾಡು, ಕೆರೆ, ಹಕ್ಕಿಗಳನ್ನು ಕಾಯುವ ಹಣದಲ್ಲಿ ದೊಡ್ಡ ಪಾಲು ಬರುವುದು ಬೇಟೆಯ ಲೈಸೆನ್ಸಿನಿಂದ ಮತ್ತು 1937ರ ಕಾನೂನಿನಂತೆ ಕೋವಿ ತೋಟಾಗಳ ಮೇಲೆ ಹಾಕುವ ತೆರಿಗೆಯಿಂದ. 1972ರಲ್ಲಿ ಬಿಲ್ಲುಬಾಣಗಳನ್ನೂ ಆ ತೆರಿಗೆಗೆ ಸೇರಿಸಿದರು. ಜೊತೆಗೆ ಜಿಂಕೆಗಳ ಸಂಖ್ಯೆ ಬೆಳೆದು ಹೊಲ ಮೇಯುತ್ತವೆ, ರಾತ್ರಿ ಕಾರುಗಳಿಗೆ ಅಡ್ಡ ಬೀಳುತ್ತವೆ. 2002ರಲ್ಲಿ ವಿಸ್ಕಾನ್ಸಿನ್ನಿನ ಜಿಂಕೆಗಳಲ್ಲಿ ಮೈ ಸೊರಗಿಸಿ ಕೊಲ್ಲುವ ಮದ್ದಿಲ್ಲದ ರೋಗವೂ ಕಾಣಿಸಿಕೊಂಡಿತು. ಮುದುಕರು, ಹೆಂಗಸರು, ಮಕ್ಕಳು, ದಿನವೂ ಅಭ್ಯಾಸ ಮಾಡಲು ಪುರಸೊತ್ತಿಲ್ಲದ ಕಾರ್ಖಾನೆ ಕೆಲಸದವರು ಕಾಡಿಗೆ ಬರಲಿ ಬಿಡಿ ಎಂಬುದು ಆಕೆಯ ವಾದ.

ಕೊನೆಗೆ ಗೆದ್ದದ್ದು ಆಕೆಯ ಪಕ್ಷ. ಒಹಾಯೊ ರಾಜ್ಯ 1970ರ ದಶಕದಲ್ಲೇ ಕ್ರಾಸ್‌ಬೋಗೆ ಬಾಗಿಲು ತೆರೆದಿತ್ತು. ಮಿಶಿಗನ್ 2009ರಲ್ಲಿ ತೆರೆಯಿತು. 2014ರಿಂದ ವಿಸ್ಕಾನ್ಸಿನ್ನಿನಲ್ಲೂ ಯಾರು ಬೇಕಾದರೂ ಕ್ರಾಸ್‌ಬೋದ ಲೈಸೆನ್ಸು ಪಡೆಯಬಹುದೆಂದಾಯಿತು. ಲೈಸೆನ್ಸು ಬೇರೆ, ದಿನಗಳು ಮಾತ್ರ ಬಿಲ್ಲಿನವೇ. ಕೆಲವೇ ವರ್ಷಗಳಲ್ಲಿ ಅಲ್ಲಿ ಕ್ರಾಸ್‌ಬೋದಿಂದ ಬೀಳುವ ಜಿಂಕೆಗಳ ಸಂಖ್ಯೆ ಉಳಿದ ಬಿಲ್ಲುಗಳದ್ದನ್ನು ಮೀರಿಸಿತು. ಕ್ರಾಸ್‌ಬೋದ ದಿನಗಳನ್ನು ಕಡಿತಗೊಳಿಸಬೇಕೆಂಬ ಬೇಡಿಕೆಯೂ ಆಮೇಲೆ ಎದ್ದಿತು. ಮಿನೆಸೊಟ 2023ರಲ್ಲಿ ಬಾಗಿಲು ತೆಗೆಯಿತು. ಇದು ಹೊಸ ಕದನವೂ ಅಲ್ಲ. 1139ರಲ್ಲಿ ರೋಮಿನಲ್ಲಿ ಸೇರಿದ ಕ್ರೈಸ್ತ ಧರ್ಮಸಭೆ ಕ್ರೈಸ್ತರ ಮೇಲೆ ಕ್ರಾಸ್‌ಬೋ ಬಳಸುವುದನ್ನು ನಿಷೇಧಿಸಿತ್ತು. ಅದನ್ನು ಈಗಲೂ ಉದಾಹರಿಸುವ ಬಿಲ್ಲುಗಾರರು ಒಂದನ್ನು ಮರೆಯುತ್ತಾರೆ. ಆ ನಿಷೇಧದಲ್ಲಿ ಸಾಧಾರಣ ಬಿಲ್ಲುಗಾರರ ಹೆಸರೂ ಇತ್ತು!

ಹೀಗಿರುವಾಗ ಒಂದು ಚಳಿಗಾಲ ಆತ ಕೊಟ್ಟಿಗೆಯ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದ. ಬಲಭುಜದ ಸ್ನಾಯು ಹರಿಯಿತು. ಆಪರೇಷನ್ನೂ ಆಯಿತು. ಬಕೆಟ್ಟು ಎತ್ತಬಹುದು, ಟ್ರ್ಯಾಕ್ಟರು ಓಡಿಸಬಹುದು. ಆದರೆ 40 ಪೌಂಡಿನ ಹೆದೆಯನ್ನು ಅರ್ಧ ಎಳೆಯುವಷ್ಟರಲ್ಲಿ ಕೈ ನಡುಗಿ ನಿಂತುಬಿಡುತ್ತದೆ. "ಇನ್ನು ಬಿಲ್ಲಿನ ಆಸೆ ಬಿಡಿ" ಎಂದರು ಡಾಕ್ಟರು. ಆ ಬೇಸಗೆಯಲ್ಲಿ ಮಗ ಒಂದು ಉದ್ದನೆಯ ಪೆಟ್ಟಿಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಒಳಗೇನಿದೆಯೆಂದು ಕೇಳುವ ಅಗತ್ಯ ಆತನಿಗಿರಲಿಲ್ಲ. ತಿಂಗಳವರೆಗೂ ಪೆಟ್ಟಿಗೆ ತೆರೆಯಲಿಲ್ಲ.

ಕರ್ನಾಟಕದ ಓದುಗರಿಗೆ ಬೇಟೆಯೆಂದರೆ ವೀರಗಲ್ಲಿನಲ್ಲಿ, ಪುರಾಣದಲ್ಲಿ ಉಳಿದ ಸಂಗತಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ಶಿಕ್ಷೆಯಾಗುವ ಅಪರಾಧ. ಆದರೆ ಬಿಲ್ಲು ಎಳೆಯಲಾಗದವನ ಸಂಕಟ ಇಲ್ಲಿಯವರಿಗೆ ಹೊಸದಲ್ಲ, ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು. ಅವನ ಕೈಗೆ ಕ್ರಾಸ್‌ಬೋ ಕೊಟ್ಟಿದ್ದರೆ ದ್ರೋಣರು ಕೇಳಿದ ಗುರುದಕ್ಷಿಣೆ ವ್ಯರ್ಥವಾಗುತ್ತಿತ್ತು, ಟ್ರಿಗರಿಗೆ ಹೆಬ್ಬೆರಳು ಬೇಡ. ಹಾಗೆ ಕೊಡುವುದು ಅನ್ಯಾಯವೆಂದು ಯಾರೂ ಹೇಳಲಾರರು. ಆದರೆ ಹತ್ತೂ ಬೆರಳಿರುವವರೆಲ್ಲ ಅದನ್ನೇ ಹಿಡಿದು ಬಂದು, ಮಣ್ಣಿನ ಗುರುವಿನ ಮುಂದೆ ಅವನು ಪಟ್ಟ ಶ್ರಮವೂ ತಮ್ಮದೂ ಒಂದೇ ಎಂದರೆ? ಅಲ್ಲಿ ಮನಸ್ಸು ಒಪ್ಪುವುದಿಲ್ಲ.

ಅಕ್ಟೋಬರಿನ ಒಂದು ಸಂಜೆ ಆತ ಪೆಟ್ಟಿಗೆ ತೆರೆದ. ಮಗ ಹೆದೆ ಸಿಕ್ಕಿಸಿ ಕೊಟ್ಟ. ಅಟ್ಟಣೆ ಹತ್ತಿ ಕೂತ ಮೇಲೆ ಕಾಡು ಎಂದಿನಂತೆಯೇ ಇತ್ತು. ಅದೇ ಓಕ್ ಎಲೆಗಳ ಸದ್ದು, ಅದೇ ಅಳಿಲು, ಅದೇ ಕಾಲು ಮರಗಟ್ಟುವ ಚಳಿ. ಕತ್ತಲಾಗುವ ಮುಂಚೆ ಹೆಣ್ಣುಜಿಂಕೆಯೊಂದು 18 ಗಜದಲ್ಲಿ ಬಂದು ನಿಂತಿತು. ಆತನ ಎದೆ ಹೊಡೆದುಕೊಳ್ಳತೊಡಗಿತು. ಮೈಯೆಲ್ಲ ಬಿಗಿಹಿಡಿದು ಆ ಗಳಿಗೆಗಾಗಿ ಕಾದ. ಆಮೇಲೆ ನೆನಪಾಯಿತು, ಆ ಗಳಿಗೆ ಬರುವುದೇ ಇಲ್ಲ. ಬೆರಳು ಒತ್ತಿದ. ಬಾಣ ನೆಟ್ಟಗೆ ಹೋಯಿತು. ಜಿಂಕೆ ಅರವತ್ತು ಹೆಜ್ಜೆ ಓಡಿ ಬಿತ್ತು, ನರಳಲಿಲ್ಲ. ಗಾಯಗೊಂಡ ಜಿಂಕೆಯನ್ನು ಲಾಟೀನು ಹಿಡಿದು ರಾತ್ರಿಯೆಲ್ಲ ಹುಡುಕಿ ಸಿಗದೆ ಮನೆಗೆ ಬಂದ ಹಳೆಯ ಸಂಜೆಗಳು ಆತನಿಗೆ ನೆನಪಾದವು. ಅದಕ್ಕಿಂತ ಇದು ಮೇಲು ಎನ್ನುವುದನ್ನು ಆತ ತನಗೆ ತಾನೇ ಒಪ್ಪಿಕೊಂಡ. ಆದರೆ ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಇಷ್ಟೇ: "ಮಾಂಸ ಬಂತು. ಬೇಟೆ ಅರ್ಧ ಆಯಿತು."

ಮುಂದಿನ ವಸಂತದಲ್ಲಿ ಆತನ ಮಾತು ಸ್ವಲ್ಪ ಬದಲಾಗಿತ್ತು. ಭುಜ ಹೋದವನಿಗೆ, ಮುದುಕನಿಗೆ, ಇನ್ನೂ ಬಲ ಬಾರದ ಮಗುವಿಗೆ ಕ್ರಾಸ್‌ಬೋ ನೂರು ದಿನವೂ ಇರಲಿ, ಅದರಲ್ಲಿ ಮಾತೇ ಇಲ್ಲ. ಉಳಿದವರಿಗೂ ಇರಲಿ, ಆದರೆ ಅದರ ಲೆಕ್ಕ ಬೇರೆ ಇರಲಿ. ಜಿಂಕೆ ಕಡಿಮೆಯಾಗಿ ದಿನ ಕತ್ತರಿಸುವ ಕಾಲ ಬಂದರೆ ಮೊದಲು ಕತ್ತರಿಸಬೇಕಾದದ್ದು ಸುಲಭದ ಆಯುಧದ ದಿನಗಳನ್ನು. ಆ ಸಾಲಿನಲ್ಲಿ ಕ್ರಾಸ್‌ಬೋ ಮೊದಲು ನಿಲ್ಲಲಿ, ಅದರ ಹಿಂದೆ ರಾಟೆಯ ಬಿಲ್ಲೂ ನಿಲ್ಲಲಿ. ಕೊನೆಯ ಮಾತಿಗೆ ಹಳೆಯ ಗೆಳೆಯರೇ ಗೊಣಗಿದರು. ಚಪ್ಪಾಳೆ ಈ ಸಲ ಅಷ್ಟಾಗಿ ಬೀಳಲಿಲ್ಲ.

ಆತನ ಮೊಮ್ಮಗಳಿಗೆ ಈಗ ಹನ್ನೊಂದು. ಜಿಂಕೆ ಬೇಟೆಗೆ ಬಿಲ್ಲಿನ ಎಳೆತ ಕನಿಷ್ಠ 30 ಪೌಂಡು ಇರಬೇಕೆಂದು ಅಲ್ಲಿನ ನಿಯಮ. ಅವಳ ಕೈಗೆ 22 ದಾಟುವುದಿಲ್ಲ. ಕಳೆದ ಹೇಮಂತದಲ್ಲಿ ಅಜ್ಜನ ಕ್ರಾಸ್‌ಬೋ ಹಿಡಿದೇ ಅಟ್ಟಣೆಯಲ್ಲಿ ಅವನ ಪಕ್ಕ ಕೂತಳು. ಜಿಂಕೆ ಬರಲಿಲ್ಲ. ಆದರೂ ಸಂಜೆ ಹಾಲು ಕರೆದಾದ ಮೇಲೆ ಕೊಟ್ಟಿಗೆಯ ಹಿಂದೆ ಹುಲ್ಲಿನ ಪಿಂಡಿಗೆ ಬಾಣ ಬಿಡುವ ಸದ್ದು ಮತ್ತೆ ಕೇಳುತ್ತಿದೆ. ಆತ ಬಕೆಟ್ಟು ಮಗುಚಿ ಹಾಕಿ ಅದರ ಮೇಲೆ ಕೂತು, "ಮೊಣಕೈ ಇನ್ನೂ ಮೇಲೆ" ಎಂದು ಹೇಳಿಕೊಡುತ್ತಾನೆ. ಹೋದ ವಾರ 24 ಪೌಂಡಿಗೆ ಬಂದಿದ್ದಾಳಂತೆ.