ಹವಾಮಾನದ ಮಾತುಕತೆ ಮತ್ತು ನಾವು

ಪ್ರತಿ ವರ್ಷ ನವೆಂಬರ್ ತಿಂಗಳು ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಚಿತ್ರ ಕಾಣಿಸುತ್ತದೆ. ದೇಶ ದೇಶಗಳ ನಾಯಕರು ಸಾಲಾಗಿ ನಿಂತು ನಗುತ್ತಿರುವ ಚಿತ್ರ. ಅದರ ಕೆಳಗೆ 'ವಿಶ್ವ ಹವಾಮಾನ ಶೃಂಗಸಭೆ' ಎಂಬ ಶೀರ್ಷಿಕೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿ ಪುಟ ತಿರುವುತ್ತೇವೆ. 'ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ' ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಂತೂ ಸೇರುವುದು ಹತ್ತಲ್ಲ, ಸುಮಾರು ಇನ್ನೂರು ದೇಶಗಳು!

2023ರಲ್ಲಿ ಆ ಸಭೆ ನಮ್ಮ ಮನೆಯ ಬಾಗಿಲಿಗೇ ಬಂತು. ನವೆಂಬರ್ 30ರಿಂದ ಡಿಸೆಂಬರ್ 13ರವರೆಗೆ ದುಬೈನ ಎಕ್ಸ್‌ಪೋ ಸಿಟಿಯಲ್ಲಿ ಕಾಪ್ 28 ನಡೆಯಿತು. 80 ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಬಂದಿದ್ದರು. ಆ ದಿನಗಳಲ್ಲಿ ನಮ್ಮ ಕನ್ನಡಿಗರ ಮನೆಗಳಲ್ಲಿ ಕೇಳಿಬಂದ ಮಾತುಗಳು ನಮಗೆ ಇನ್ನೂ ನೆನಪಿವೆ. ಯಾವ ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ, ಹೋಟೆಲ್ ಬಾಡಿಗೆ ಎಷ್ಟು ಏರಿದೆ, ಗ್ರೀನ್ ಜೋನ್‌ಗೆ ಪಾಸ್ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸಿಕೊಂಡು ಬರಬಹುದೇ, ಇತ್ಯಾದಿ. ಒಳಗೆ ಏನು ತೀರ್ಮಾನವಾಗುತ್ತಿದೆ ಎಂದು ಕೇಳಿದವರು ಬೆರಳೆಣಿಕೆಯಷ್ಟು ಮಂದಿ.

ಅದೇ ವಾರಗಳಲ್ಲಿ ಊರಿನಿಂದ ಬರುತ್ತಿದ್ದ ಫೋನುಗಳಲ್ಲಿ ಬೇರೆಯೇ ಸುದ್ದಿ. ಆ ವರ್ಷ ಕರ್ನಾಟಕದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. "ರಾಗಿ ಕೈಗೆ ಬರಲಿಲ್ಲ ಕಣಮ್ಮ, ಬೋರ್‌ವೆಲ್ ಕೂಡ ನಿಂತಿದೆ" ಎಂದು ಅಜ್ಜಿ ಹೇಳುವುದನ್ನು ಮಕ್ಕಳು ಕೇಳಿಸಿಕೊಳ್ಳುತ್ತಿದ್ದರು. ಅಜ್ಜಿಯ ಹೊಲಕ್ಕೂ ಎಕ್ಸ್‌ಪೋ ಸಿಟಿಯ ಸಭಾಂಗಣಕ್ಕೂ ಏನು ಸಂಬಂಧ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವಂತೆ ಯಾರೂ ಹೇಳಿಕೊಡಲೂ ಇಲ್ಲ. ಒಂದು ವರ್ಷದ ಬರಕ್ಕೆ ಭೂಮಿ ಬಿಸಿಯಾಗುತ್ತಿರುವುದೊಂದೇ ಕಾರಣವೆಂದು ಹೇಳಿಬಿಡುವುದು ಸರಿಯಲ್ಲ. ಆ ವರ್ಷ ಎಲ್ ನಿನೊ ಪ್ರಭಾವವೂ ಇತ್ತು. ಆದರೆ ಮಳೆ ದಿಕ್ಕು ತಪ್ಪಿದರೆ ಮೊದಲು ಕಂಗಾಲಾಗುವವರು ಯಾರು ಎಂಬುದನ್ನು ಆ ಸಭೆಯಲ್ಲಿ ಪ್ರತಿ ವರ್ಷ ಕೇಳಲಾಗುತ್ತದೆ.

ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಆಗ ಕೇಳಿದ: "ಮಿಸ್, ಇಷ್ಟೊಂದು ಜನ ವಿಮಾನದಲ್ಲಿ ಬಂದು, ಹೊಗೆ ಕಡಿಮೆ ಮಾಡಿ ಅಂತ ಹೇಳೋದಾ?" ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಸಭೆಯ ಅಧ್ಯಕ್ಷರಾಗಿದ್ದ ಡಾ. ಸುಲ್ತಾನ್ ಅಲ್ ಜಾಬರ್ ಅಬುಧಾಬಿಯ ರಾಷ್ಟ್ರೀಯ ತೈಲ ಕಂಪನಿಯ ಮುಖ್ಯಸ್ಥರೂ ಹೌದು ಎಂಬುದನ್ನು ಹೊರದೇಶಗಳ ಪತ್ರಿಕೆಗಳು ಎತ್ತಿ ಆಡಿದ್ದವು. ಎಣ್ಣೆ ತೆಗೆಯುವವರು ಕೂರದ ಸಭೆಯಲ್ಲಿ ಎಣ್ಣೆಯ ಬಗ್ಗೆ ಏನು ತೀರ್ಮಾನ ಮಾಡಿದರೆ ತಾನೇ ಏನು ಬಂತು ಎಂದು ಇನ್ನೊಬ್ಬ ವಿದ್ಯಾರ್ಥಿನಿ ತಿರುಗಿ ಕೇಳಿದಳು. ಅದೂ ನಿಜ.

ಇನ್ನೊಂದು ಮಾತು ಬಂದದ್ದು ಪೋಷಕರೊಬ್ಬರಿಂದ. ಅವರು ತೈಲ ಕ್ಷೇತ್ರದಲ್ಲಿ ಎಂಜಿನಿಯರ್. "ಮೇಡಂ, ಎಣ್ಣೆ ಬೇಡ ಅಂತ ಮಕ್ಕಳ ಕೈಲಿ ಪ್ರಬಂಧ ಬರೆಸುತ್ತೀರಿ. ಈ ಮಕ್ಕಳ ಫೀಸು ಎಲ್ಲಿಂದ ಬರುತ್ತೆ?" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಆತಂಕವಿತ್ತು. ಗಲ್ಫಿನಲ್ಲಿರುವ ನಮ್ಮಲ್ಲಿ ಎಷ್ಟೋ ಕುಟುಂಬಗಳ ಅನ್ನ, ಊರಿಗೆ ಕಳಿಸುವ ಹಣ, ತಂಗಿಯ ಮದುವೆ, ತಂದೆಯ ಆಪರೇಷನ್, ಎಲ್ಲವೂ ನೇರವಾಗಿಯೋ ಬಳಸಿಯೋ ಎಣ್ಣೆಯಿಂದಲೇ ಬಂದದ್ದು. ಈ ಮಾತನ್ನು ಬದಿಗಿಟ್ಟು ಪರಿಸರದ ಪಾಠ ಮಾಡಿದರೆ ಅದು ಅರ್ಧ ಪಾಠವಾಗುತ್ತದೆ.

ಮಾತುಕತೆ ಎಂದರೆ ನಿಧಾನ ಎಂಬುದು ಕನ್ನಡಿಗರಾದ ನಮಗೆ ಹೊಸದೇನೂ ಅಲ್ಲ. ಕಾವೇರಿಯನ್ನೇ ನೋಡಿ. ಮೈಸೂರು ಮತ್ತು ಮದರಾಸು 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು ಒಪ್ಪಂದ ಮಾಡಿಕೊಂಡವು. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು, 2007ರಲ್ಲಿ ಅದರ ಅಂತಿಮ ತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಇಷ್ಟೆಲ್ಲ ಆದ ಮೇಲೂ 2023ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಬಂದ್ ಆಯಿತು. ಒಂದೇ ದೇಶ, ಒಂದೇ ನದಿ. ಆದರೂ ನೂರಕ್ಕೂ ಹೆಚ್ಚು ವರ್ಷ. ಆಕಾಶಕ್ಕಾದರೋ ಅಣೆಕಟ್ಟು ಕಟ್ಟುವಂತಿಲ್ಲ, ಗೇಟು ಹಾಕುವಂತಿಲ್ಲ. ಅದನ್ನು ಹಂಚಿಕೊಳ್ಳುವ ಮಾತು 1992ರಲ್ಲಿ ರಿಯೊ ಡಿ ಜನೈರೊದಲ್ಲಿ ಶುರುವಾಯಿತು. 1997ರ ಕ್ಯೋಟೊ ಒಪ್ಪಂದವನ್ನು ಅಮೆರಿಕ ಅನುಮೋದಿಸಲೇ ಇಲ್ಲ. 2009ರ ಕೋಪನ್‌ಹೇಗನ್ ಸಭೆ ಭಾರೀ ನಿರೀಕ್ಷೆಯಿಂದ ಆರಂಭವಾಗಿ ನಿರಾಸೆಯಲ್ಲಿ ಮುಗಿಯಿತು. ಅಲ್ಲಿ ಭಾರತದ ಪರಿಸರ ಸಚಿವರಾಗಿದ್ದವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್ ಎಂದು ಹೇಳಿದಾಗ ನಮ್ಮ ಮಲೆನಾಡಿನ ಮಕ್ಕಳ ಮುಖ ಅರಳಿದ್ದನ್ನು ಇಲ್ಲಿ ಹೇಳಲೇಬೇಕು.

ಭಾಷೆ ಕಲಿಸುವ ನಮಗೆ ಈ ಸಭೆಗಳಲ್ಲಿ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. ಅಲ್ಲಿ ಜಗಳವೆಲ್ಲ ಕ್ರಿಯಾಪದಗಳ ಮೇಲೆ! 2015ರ ಪ್ಯಾರಿಸ್ ಸಭೆಯ ಕೊನೆಯ ದಿನ ಕರಡಿನಲ್ಲಿ ಒಂದೇ ಒಂದು ಪದಕ್ಕೆ ಎಲ್ಲವೂ ನಿಂತುಹೋಗಿತ್ತು. ಶ್ರೀಮಂತ ದೇಶಗಳು ಹೊಗೆ ಇಳಿಸುವುದರಲ್ಲಿ ಮುಂದಾಳತ್ವ ವಹಿಸುವ ಬಗ್ಗೆ ಇಂಗ್ಲಿಷಿನಲ್ಲಿ 'ಶಲ್' ಎಂದು ಬರೆದಿತ್ತು. ಅಮೆರಿಕ ಒಪ್ಪಲಿಲ್ಲ. ಕಡೆಗೆ ಅದು 'ಶುಡ್' ಆಯಿತು, ಒಪ್ಪಂದಕ್ಕೆ ಎಲ್ಲರ ಸಮ್ಮತಿ ಸಿಕ್ಕಿತು. ಇದನ್ನು ತರಗತಿಯಲ್ಲಿ ಕನ್ನಡಕ್ಕೆ ತರುವಾಗ ಮಕ್ಕಳು ತಾವೇ ವ್ಯತ್ಯಾಸ ಕಂಡುಕೊಂಡರು. 'ಮಾಡತಕ್ಕದ್ದು' ಎಂದರೆ ಕಾನೂನು, 'ಮಾಡುವುದು ಒಳ್ಳೆಯದು' ಎಂದರೆ ಅಮ್ಮ ಹೇಳುವ ಬುದ್ಧಿಮಾತು! 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು ಹಂತಹಂತವಾಗಿ 'ಬಿಟ್ಟುಬಿಡುವುದು' ಎಂದಿದ್ದದ್ದನ್ನು 'ಕಡಿಮೆ ಮಾಡುವುದು' ಎಂದು ಬದಲಿಸಲು ಕೊನೆಯ ಗಳಿಗೆಯಲ್ಲಿ ಕೇಳಿದ್ದು ನಮ್ಮ ಭಾರತವೇ. ಹಲವರು ಟೀಕಿಸಿದರು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿದು ಕರ್ನಾಟಕದ ಎಷ್ಟೋ ಮನೆಗಳಲ್ಲಿ ದೀಪ ಬೆಳಗುತ್ತಿರುವಾಗ, ನಾಳೆಯೇ ಬಿಡುತ್ತೇವೆ ಎಂದು ಸುಳ್ಳು ಮಾತು ಕೊಡುವುದಕ್ಕಿಂತ ಅದು ಪ್ರಾಮಾಣಿಕವಾಗಿತ್ತು ಎಂಬುದು ನಮ್ಮ ಅಭಿಪ್ರಾಯ. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಎದ್ದಿರುವುದೂ ಇದೇ ಕರ್ನಾಟಕದಲ್ಲೇ.

ಇನ್ನು ದುಬೈ ಸಭೆ. ಮುಗಿಯಬೇಕಾದ ದಿನ ದಾಟಿ, ಮರುದಿನ ಬೆಳಿಗ್ಗೆ ಒಪ್ಪಿಗೆಯಾದ ಮಾತು: ಪಳೆಯುಳಿಕೆ ಇಂಧನಗಳಿಂದ 'ದೂರ ಸರಿಯುವುದು'. ಮತ್ತೆ ಒಂದು ಕ್ರಿಯಾಪದ. ಸುಮಾರು ಮೂವತ್ತು ವರ್ಷಗಳ ಸಭೆಗಳಲ್ಲಿ ಎಣ್ಣೆ, ಅನಿಲ, ಕಲ್ಲಿದ್ದಲು ಎಲ್ಲವನ್ನೂ ಸೇರಿಸಿ ಇಂಥ ಮಾತು ಬಂದದ್ದು ಅದೇ ಮೊದಲು, ಅದೂ ಎಣ್ಣೆಯ ನಾಡಿನಲ್ಲಿ. ನಮ್ಮ ಎಂಜಿನಿಯರ್ ಪೋಷಕರಿಗೂ ನಾವು ಇದನ್ನೇ ತೋರಿಸಿದೆವು. ಸರಿಯುವುದಕ್ಕೆ ಕಾಲ ಬೇಕು, ಆ ಕಾಲ ಎಷ್ಟು ಎಂಬುದರ ಮೇಲೇ ಅವರ ಮಗನ ಓದು ಯಾವುದಾಗಬೇಕು ಎಂಬುದೂ ನಿಂತಿದೆ. "ಹಾಗಾದರೆ ಅವನು ಪೆಟ್ರೋಲಿಯಂ ಎಂಜಿನಿಯರಿಂಗ್ ಓದುವುದು ಬೇಡವೇ?" ಎಂದರು. ಉತ್ತರ ಹೇಳುವುದು ಕನ್ನಡದ ಅಧ್ಯಾಪಕರ ಕೆಲಸವಲ್ಲವಾದರೂ ಪ್ರಶ್ನೆ ಸರಿಯಾದ ಕಡೆ ಮುಟ್ಟಿತ್ತು.

ದುಡ್ಡಿನ ವಿಷಯದಲ್ಲಿ ಮಾತ್ರ ಜನರ ಅಪನಂಬಿಕೆಗೆ ಗಟ್ಟಿ ಕಾರಣವಿದೆ. 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಕೊಡುತ್ತೇವೆ ಎಂದಿದ್ದ ಶ್ರೀಮಂತ ದೇಶಗಳು ಆ ಮೊತ್ತ ಮುಟ್ಟಿದ್ದು 2022ರಲ್ಲಿ. 2024ರಲ್ಲಿ ಬಾಕುವಿನಲ್ಲಿ, 2035ರ ವೇಳೆಗೆ ವರ್ಷಕ್ಕೆ 300 ಬಿಲಿಯನ್ ಎಂದು ನಿಗದಿಯಾದಾಗ ಭಾರತದ ಪ್ರತಿನಿಧಿ ಅಲ್ಲೇ ಎದ್ದು ಬಲವಾಗಿ ಆಕ್ಷೇಪಿಸಿದರು. 2025ರ ಜನವರಿಯಲ್ಲಿ ಅಮೆರಿಕ ಎರಡನೇ ಸಲ ಪ್ಯಾರಿಸ್ ಒಪ್ಪಂದದಿಂದ ಹೊರಬರುವುದಾಗಿ ಘೋಷಿಸಿತು. ಇಷ್ಟಾದರೂ ಒಂದು ಲೆಕ್ಕವನ್ನು ಮರೆಯುವಂತಿಲ್ಲ. ಪ್ಯಾರಿಸ್‌ಗೆ ಮುನ್ನ ಈ ಶತಮಾನದ ಕೊನೆಗೆ ಭೂಮಿ ಸುಮಾರು 4 ಡಿಗ್ರಿ ಬಿಸಿಯಾಗುತ್ತದೆ ಎಂಬ ಅಂದಾಜಿತ್ತು; ಈಗಿನ ನೀತಿಗಳ ಪ್ರಕಾರ ಅದು 3 ಡಿಗ್ರಿಯ ಆಸುಪಾಸಿನಲ್ಲಿದೆ. ಸಾಲದು ನಿಜ, ಆದರೆ ಸೊನ್ನೆಯೂ ಅಲ್ಲ.

2024ರಲ್ಲಿ 125 ದೇಶಗಳ ಸುಮಾರು 1,30,000 ಜನರ ಅಭಿಪ್ರಾಯ ಕೇಳಿದ ಒಂದು ಅಧ್ಯಯನ ಪ್ರಕಟವಾಯಿತು. ತಿಂಗಳ ಆದಾಯದಲ್ಲಿ ನೂರಕ್ಕೆ ಒಂದು ಪಾಲನ್ನು ಇದಕ್ಕಾಗಿ ಕೊಡುತ್ತೀರಾ ಎಂದಾಗ ಶೇಕಡಾ 69ರಷ್ಟು ಜನ ಕೊಡುತ್ತೇವೆ ಎಂದರು. ನಿಮ್ಮ ದೇಶದಲ್ಲಿ ಬೇರೆಯವರು ಎಷ್ಟು ಮಂದಿ ಕೊಟ್ಟಾರು ಎಂದು ಕೇಳಿದಾಗ ಅವರ ಊಹೆ ಸರಾಸರಿ ಶೇಕಡಾ 43 ಮಾತ್ರ. ಅಂದರೆ 'ನಾನು ಸಿದ್ಧ, ಪಕ್ಕದ ಮನೆಯವರು ಸಿದ್ಧರಿಲ್ಲ' ಎಂದು ಎಲ್ಲ ಮನೆಯವರೂ ಅಂದುಕೊಂಡಿದ್ದಾರೆ! ಸಭೆಯಲ್ಲಿ ಕೂತ ಮಂತ್ರಿಗಳು ಸಹಿ ಹಾಕುವುದು ತಮ್ಮ ಊರಿನ ಜನ ಒಪ್ಪಿಯಾರು ಎನಿಸಿದ ಮಾತಿಗೆ ಮಾತ್ರ. ಜನ ಪುಟ ತಿರುವಿಬಿಟ್ಟರೆ ಅವರಿಗೂ ಹಗುರವಾದ ಕ್ರಿಯಾಪದವೇ ಸಾಕಾಗುತ್ತದೆ.

2024ರ ಏಪ್ರಿಲ್ 16ರ ಮಳೆಯನ್ನು ಇಲ್ಲಿದ್ದವರಿಗೆ ನೆನಪಿಸಬೇಕಿಲ್ಲ. 1949ರಲ್ಲಿ ದಾಖಲೆ ಇಡಲು ಶುರುಮಾಡಿದಂದಿನಿಂದ ಈ ದೇಶ ಕಂಡಿರದಷ್ಟು ಮಳೆ ಅದು. ಅಲ್ ಐನ್ ಭಾಗದ ಒಂದು ಕಡೆ 24 ಗಂಟೆಯೊಳಗೆ 254 ಮಿಲಿಮೀಟರ್ ಸುರಿಯಿತು. ಅದಾದ ಮೇಲೆ ತರಗತಿಯಲ್ಲಿ ಈ ವಿಷಯ ಎತ್ತಿದರೆ ಯಾರೂ ಆಕಳಿಸಲಿಲ್ಲ.

ಆ ಹುರುಪಿನಲ್ಲೇ ಒಂದು ದಿನ ಎರಡು ಅವಧಿಗಳನ್ನು ಸೇರಿಸಿ ಕನ್ನಡದಲ್ಲೇ ಅಣಕು ಶೃಂಗಸಭೆ ಮಾಡಿಸಿದೆವು. ಮೇಜುಗಳ ಮೇಲೆ ದೇಶಗಳ ಫಲಕಗಳು. ಭಾರತದ ಮೇಜಿಗೆ ನೂಕುನುಗ್ಗಲು. "ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಮಾತ್ರ, ಮೊದಲು ಶ್ರೀಮಂತರು ಇಳಿಸಲಿ" ಎಂದು ಒಬ್ಬ ಸೊಗಸಾಗಿ ವಾದಿಸಿದ. ಆಗ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಅದು ಊರಲ್ಲಿರೋರ ಲೆಕ್ಕ. ಇಲ್ಲಿ ತಲೆಗೆ ಸುಮಾರು 20 ಟನ್. ನಮ್ಮನೆ ಏಸಿ ಮೇ ತಿಂಗಳಲ್ಲಿ ಆಫ್ ಆಗೋದೇ ಇಲ್ಲ. ಪಾಸ್‌ಪೋರ್ಟ್ ಭಾರತದ್ದು, ಕರೆಂಟ್ ಇಲ್ಲಿದು. ನಾವು ಯಾವ ಮೇಜಿಗೆ ಕೂರಬೇಕು ಮಿಸ್?"

ಯಾರೂ ಸುಲಭವಾಗಿ ಹೇಳಲಾರದ ಪ್ರಶ್ನೆ. ಅವಳೂ ಅವಳ ಗೆಳತಿಯರೂ ಕೊನೆಗೆ ಭಾರತದ್ದೂ ಯುಎಇಯದ್ದೂ ಎರಡು ಫಲಕಗಳನ್ನು ಸೆಲ್ಲೋಟೇಪಿನಿಂದ ಅಂಟಿಸಿ, ನಡುವೆ ಒಂದು ಮೇಜು ಎಳೆದುಕೊಂಡು ಕುಳಿತರು. ಹಾಗೆ ಕೂರುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಎಂದು ಉಳಿದ ದೇಶಗಳು ಆಕ್ಷೇಪ ಎತ್ತಿದವು. ಆ ಚರ್ಚೆಯಲ್ಲೇ ಎರಡೂ ಅವಧಿ ಮುಗಿದುಹೋಯಿತು.