ಅಮ್ಮನ ಮೂರನೆಯ ಬುಟ್ಟಿ

ಮಕ್ಕಳೇ, ಡಿಸ್ಕ್ ಗಾಲ್ಫ್‌ಗೆ ಕೋಲೂ ಬೇಡ, ಚೆಂಡೂ ಬೇಡ. ಒಂದು ಪ್ಲಾಸ್ಟಿಕ್ ತಟ್ಟೆ ಸಾಕು. ಸರಪಳಿ ಇಳಿಬಿಟ್ಟ ಬುಟ್ಟಿಗೆ ಅದನ್ನು ಎಸೆಯಬೇಕು, ಅಷ್ಟೇ. ಎಡ್ ಹೆಡ್ರಿಕ್ ಎಂಬವರು ಇದರ ಮೊದಲ ಶಾಶ್ವತ ಅಂಕಣವನ್ನು 1975ರಲ್ಲಿ ನಮ್ಮ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಪಾರ್ಕಿನಲ್ಲೇ ಹಾಕಿದರು.

ನಮ್ಮ ಮನೆ ಹತ್ತಿರದ್ದು ಒಂಬತ್ತೇ ಬುಟ್ಟಿಗಳ ಪುಟ್ಟ ಅಂಕಣ. ಅಪ್ಪ ತೀರಿಕೊಂಡ ಮೇಲೆ ಊರಿನಿಂದ ಬಂದ ಅಮ್ಮ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಮಗಳು ಹಟ ಮಾಡಿ ಎಳೆದೊಯ್ದಳು. ಬಲಗೈಯಲ್ಲಿ ಎದೆಗಡ್ಡ ಎಳೆದು ಬೀಸಿದ ನನ್ನ ತಟ್ಟೆ, ವೇಗ ತಗ್ಗುತ್ತಲೇ ಎಡಕ್ಕೆ ವಾಲಿ ಪೊದೆ ಸೇರುತ್ತಿತ್ತು. ಮೊದಲೆರಡು ಬುಟ್ಟಿಗಳಿಗೆ ಅಮ್ಮ ಬರಿದೇ ನೋಡುತ್ತ ನಿಂತಿದ್ದಳು. ಮೂರನೆಯದಕ್ಕೆ ಸೆರಗು ಸಿಕ್ಕಿಸಿ, ಹತ್ತಿರದಿಂದ ಮೆಲ್ಲಗೆ ತೂರಿದಳು. ಸರಪಳಿ ಝಲ್ಲೆಂದಿತು!

“ಇನ್ನೂ ಎಷ್ಟಿವೆಯೇ ಪುಟ್ಟಿ?” ಅಂದಳು ಅಮ್ಮ.

“ಆರು, ಅಜ್ಜಿ!”