ಒಂದು ಹೆಸರು ಹಿಡ್ಕೊಂಡು ದರಿಯಾ ದೌಲತ್ ಒಳಗೆ

ಭಾಗ 4 👇

ದರಿಯಾ ದೌಲತ್‌ಗೆ ಸ್ಕೂಲ್ ಟ್ರಿಪ್ ಹೋಗದೇ ಇರೋರು ನಮ್ಮಲ್ಲಿ ಯಾರಿದ್ದೀರಾ? ಪಾಂಡವಪುರ, ನಾಗಮಂಗಲ, ಎಲ್ಲಿಂದ ಬಂದ್ರೂ ಕಥೆ ಒಂದೇ. ಸಾಲಾಗಿ ಒಳಗೆ, ಐದು ನಿಮಿಷಕ್ಕೆ ಆಚೆ, ಆಮೇಲೆ ಪುಳಿಯೋಗರೆ. ಗೋಡೆ ಮೇಲೆ ಏನಿತ್ತು ಅಂತ ಕೇಳಿದ್ರೆ 'ಕುದುರೆ' ಅಂತೀರಾ.

ಮುಂದಿನ ಸಲ ಹೀಗೆ ಮಾಡಿ ನೋಡಿ. ಒಂದೇ ಒಂದು ಹೆಸರು ಹಿಡ್ಕೊಂಡು ಒಳಗೆ ಹೋಗಿ. ನಾನು ಹಿಡಿದಿದ್ದು 'ಬೇಲಿ'. ತೋಟದ ಬೇಲಿ ಅಲ್ಲ ಕಣ್ರೋ! ಕೋಟೆಯೊಳಗೆ ಕಾವೇರಿ ದಂಡೇಲಿ ಬಂದೀಖಾನೆ ಇದೆಯಲ್ಲ, ಕರ್ನಲ್ ಬೇಲಿದು, ಅದೇ ಹೆಸರು.

ಆ ಬೇಲಿ ಅರಮನೆಯ ಪಡುವಣ ಗೋಡೆ ಮೇಲೆ ಸಿಗ್ತಾನೆ. ಅದು 1780ರ ಸೆಪ್ಟೆಂಬರ್ 10, ಕಂಚಿ ಹತ್ರದ ಪೊಳ್ಳಿಲೂರು ಕದನ. ಹೈದರ್ ಮತ್ತು ಟಿಪ್ಪು ಗೆದ್ದ ಯುದ್ಧ. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ. ಅವರ ನಡುವೆ ಮದ್ದಿನ ಗಾಡಿ ಸಿಡೀತಿದೆ. ಫ್ರೆಂಚ್ ಸೇನಾಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡ್ತಿದ್ದಾನೆ. ಚೌಕದ ಮಧ್ಯೆ ಪಲ್ಲಕ್ಕಿ, ಅದರೊಳಗೆ ಗಾಯಗೊಂಡ ವಿಲಿಯಂ ಬೇಲಿ, ಬೆರಳು ಕಚ್ಕೊಂಡು ಕೂತಿದ್ದಾನೆ. ಅಷ್ಟು ದೊಡ್ಡ ಗದ್ದಲದಲ್ಲಿ ಆ ಒಂದು ಬೆರಳು! ನಾನಂತೂ ಅಲ್ಲೇ ನಿಂತುಬಿಟ್ಟೆ.

ಬೇಲಿ ಸೆರೆಯಲ್ಲೇ, ಇದೇ ಶ್ರೀರಂಗಪಟ್ಟಣದಲ್ಲಿ, 1782ರಲ್ಲಿ ಸತ್ತ. ಅರಮನೆ ಕಟ್ಟಿದ್ದು 1784ರಲ್ಲಿ. ಅಂದ್ರೆ ತನ್ನ ಚಿತ್ರ ಅವನು ನೋಡಲೇ ಇಲ್ಲ.

ಈಗ ಗಂಜಾಂ ಕಡೆ ನಡೀರಿ. ಗುಂಬಜ್ ಹತ್ರ ಅವನದೊಂದು ಸ್ಮಾರಕ ಇದೆ. 1816ರಲ್ಲಿ ಅದನ್ನ ಕಟ್ಟಿಸಿದ್ದು ಅವನ ಮನೆತನದ ಕಿರಿಯ, ಜಾನ್ ಬೇಲಿ. ಈತ ಲಖನೌದಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು. ಅರಬ್ಬಿ, ಪಾರ್ಸಿ ಹಸ್ತಪ್ರತಿಗಳ ಹುಚ್ಚು ಬೇರೆ. ಆ ಸಂಗ್ರಹ 1876ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋಯ್ತು. ರಶೀದುದ್ದೀನ್ ಬರೆದ ಲೋಕಚರಿತ್ರೆಯ 14ನೇ ಶತಮಾನದ ಚಿತ್ರಪ್ರತಿ ಅದರಲ್ಲೇ ಇದೆ.

ನೋಡಿ, ಸೋತವನ ಹೆಸರು ಬಂದೀಖಾನೆಗಿದೆ, ಸ್ಮಾರಕಕ್ಕಿದೆ. ಅದೇ ಮನೆತನದ ಹೆಸರು ಸ್ಕಾಟ್ಲೆಂಡಿನ ಗ್ರಂಥಭಂಡಾರದಲ್ಲೂ ಇದೆ. ಆ ಬೆರಳು ಬರೆದವನ ಹೆಸರು? ಗೋಡೆ ಮೇಲಿಲ್ಲ. ಕೆಂಪು ಕೋಟಿನವರಲ್ಲಿ ಹೆಚ್ಚಿನವರು ನಮ್ಮ ದೇಶದ ಸಿಪಾಯಿಗಳೇ, ಅವರ ಹೆಸರೂ ಇಲ್ಲ. ಇದು ನನಗೆ ಸರಿ ಅನ್ಸಲ್ಲ, ಹೊಟ್ಟೆ ಉರಿಯುತ್ತೆ.

ಕೆ.ಆರ್. ಪೇಟೆಯವರೇ, ನಿಮ್ಮ ಕಡೆ ಹಂಗಲ್ಲ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ರೂವಾರಿ ಮಲ್ಲಿತಮ್ಮ ಅನ್ನೋ ಹೊಯ್ಸಳ ಶಿಲ್ಪಿಯ ಹೆಸರಿದೆ. ಅದೇ ಮಲ್ಲಿತಮ್ಮ ಸೋಮನಾಥಪುರದ ವಿಗ್ರಹಗಳ ಕೆಳಗೂ ಹೆಸರು ಕೆತ್ತಿದ್ದಾನೆ.

ಭಾಗ 5 ಅವನದೇ. ಗೋವಿಂದನಹಳ್ಳಿ ಕಡೆಯವರು ಯಾರಾದ್ರೂ ಇದ್ರೆ ಕಾಮೆಂಟ್ ಹಾಕಿ, ಭಾನುವಾರ ಜೊತೆಗೇ ಹೋಗೋಣ. ಪುಳಿಯೋಗರೆ ನಂದು.